ನಲವತ್ತು ಮಾರಿನ ಶಿವಲಿಂಗಯ್ಯ

ಪಾಂಡವಪುರ ದಾಟಿ ಕ್ಯಾತನಹಳ್ಳಿ ಕಡೆ ಹೋಗುವ ರಸ್ತೆಯಲ್ಲಿ ಒಂದು ಹೈಸ್ಕೂಲು, ಆ ಹೈಸ್ಕೂಲಿಗೆ ಒಬ್ಬ ಡ್ರಿಲ್ ಮೇಷ್ಟ್ರು, ಆ ಮೇಷ್ಟ್ರಿಗೆ ಒಂದು ದಾಖಲೆ. ಇಷ್ಟು ಹೇಳಿದರೆ ಶಿವಲಿಂಗಯ್ಯನವರ ಜೀವನಚರಿತ್ರೆ ಮುಕ್ಕಾಲು ಭಾಗ ಮುಗಿದಂತೆ. ಉಳಿದ ಕಾಲು ಭಾಗದಲ್ಲಿ ಹೆಂಡತಿ, ಇಬ್ಬರು ಮಕ್ಕಳು, ಒಂದು ಸೀಮೆಹಸು ಇದ್ದವು. ಅವುಗಳ ಬಗ್ಗೆ ಅವರು ಮಾತಾಡಿದ್ದನ್ನು ಯಾರೂ ಕೇಳಿಲ್ಲ.

ದಾಖಲೆ ಹೀಗಿತ್ತು. ಎಪ್ಪತ್ತೊಂದನೇ ಇಸವಿಯ ದಸರಾ ಕ್ರೀಡಾಕೂಟದಲ್ಲಿ ಹತ್ತೊಂಬತ್ತು ವರ್ಷದ ಶಿವಲಿಂಗಯ್ಯ ಈಟಿಯನ್ನು ನಲವತ್ತು ಮಾರು ದೂರ ಎಸೆದ. ಟೇಪು ತರುತ್ತೇನೆಂದು ಹೋದವನ ಪತ್ತೆ ಇರಲಿಲ್ಲವಾದ್ದರಿಂದ, ಕಬ್ಬಿನ ಗಾಡಿಯ ಹಗ್ಗಗಳನ್ನು ಗಂಟು ಹಾಕಿ ಉದ್ದಕ್ಕೆ ಎಳೆದು, ಊರಿನ ಚೌಡಯ್ಯ ಆ ಹಗ್ಗವನ್ನು ಎರಡೂ ಕೈ ಚಾಚಿ ಮಾರು ಮಾರಾಗಿ ಅಳೆದಿದ್ದ. ಒಂದು ಮಾರಿಗೆ ಆರಡಿ, ನಲವತ್ತಕ್ಕೆ ಇನ್ನೂರ ನಲವತ್ತಡಿ, ಅಂದರೆ ಎಪ್ಪತ್ತಮೂರು ಮೀಟರ್ ಎಂದು ಯಾವನೋ ಗುಮಾಸ್ತ ಲೆಕ್ಕ ಕಟ್ಟಿ ಸರ್ಟಿಫಿಕೇಟು ಬರೆದುಕೊಟ್ಟ. ಅದೇ ಸರ್ಟಿಫಿಕೇಟಿನಿಂದ ಶಿವಲಿಂಗಯ್ಯನಿಗೆ ಕೆಲಸ ಸಿಕ್ಕಿತು, ಕೆಲಸದಿಂದ ಹೆಣ್ಣು ಸಿಕ್ಕಿತು, ಎರಡೂ ಸಿಕ್ಕ ಮೇಲೆ ಹೊಟ್ಟೆ ಬಂತು.

ಹೊಸದಾಗಿ ವರ್ಗವಾಗಿ ಬಂದ ಮೇಷ್ಟರು ಯಾರಾದರೂ ತಿಳಿಯದೆ, "ಅಷ್ಟು ದೂರ ಎಸೆದೋರು ಏಷ್ಯನ್ ಗೇಮ್ಸಿಗೆ ಯಾಕೆ ಹೋಗ್ಲಿಲ್ಲ ಸಾರ್?" ಎಂದು ಕೇಳುವುದುಂಟು. "ಎಲ್ಲಾ ರಾಜಕೀಯ ಕಣ್ರೀ," ಎನ್ನುತ್ತಿದ್ದರು ಶಿವಲಿಂಗಯ್ಯ, ಬಲಗೈ ರಟ್ಟೆಯನ್ನು ಎಡಗೈಯಿಂದ ಸವರಿಕೊಳ್ಳುತ್ತ.

ತೊಂಬತ್ತಾರರಲ್ಲಿ ಆ ದಾಖಲೆಗೆ ಇಪ್ಪತ್ತೈದು ತುಂಬಿತು. ಶಾಲೆಯ ವಾರ್ಷಿಕೋತ್ಸವದಲ್ಲಿ ಶಾಲು, ಹಾರ, ಮೈಸೂರು ಪೇಟ ಹಾಕಿ ಸನ್ಮಾನ ಮಾಡುವುದೆಂದು ತೀರ್ಮಾನವಾಯಿತು. ತೀರ್ಮಾನಿಸಿದ ಸಮಿತಿಯ ಕಾರ್ಯದರ್ಶಿ ಶಿವಲಿಂಗಯ್ಯನವರೇ. ಕನ್ನಡಿ ಮುಂದೆ ನಿಂತು ಬೇಡ ಬೇಡ ಎಂದು ಸಂಕೋಚಪಡುವುದನ್ನು ಅವರು ಆಗಲೇ ಅಭ್ಯಾಸ ಶುರುಮಾಡಿದ್ದರು. ಇಡೀ ಬದುಕಿನಲ್ಲಿ ಅವರಿಗೆ ಬೇಕಾಗಿದ್ದದ್ದು ಆ ಪೇಟ ಒಂದೇ.

ಅಷ್ಟರಲ್ಲಿ ಮೈಸೂರಿನಿಂದ ಮಹದೇವಸ್ವಾಮಿ ಎಂಬ ಇತಿಹಾಸದ ಲೆಕ್ಚರರು ಬಂದರು. ಬಿಲ್ಲು ಬಾಣ ಹುಟ್ಟುವ ಮೊದಲು, ಸಾವಿರಾರು ವರ್ಷದ ಕೆಳಗೆ, ಎಷ್ಟೋ ದೇಶಗಳ ಬೇಟೆಗಾರರು ಈಟಿಯನ್ನು ಬರಿಗೈಯಲ್ಲಿ ಎಸೆಯದೆ ಒಂದು ಕೋಲಿನಿಂದ ಚಿಮ್ಮಿಸುತ್ತಿದ್ದರಂತೆ. ಹಾಗೆ ಚಿಮ್ಮಿಸಿದ ಈಟಿ ಎಷ್ಟು ದೂರ ಹೋಗುತ್ತದೆಂದು ನೋಡುವ ಹುಚ್ಚು ಲೆಕ್ಚರರಿಗೆ. ನಮ್ಮ ಸೀಮೆಯಲ್ಲಿ ಈ ಕೋಲು ಇತ್ತೇ ಎಂದು ಹೆಡ್‌ಮಾಸ್ಟರು ಕೇಳಿದ್ದಕ್ಕೆ, "ಗೊತ್ತಿಲ್ಲ," ಎಂದುಬಿಟ್ಟರು. ಓದಿದವರ ಬಾಯಲ್ಲಿ ಆ ಮಾತು ಕೇಳಿ ಅಭ್ಯಾಸವಿಲ್ಲದ ಹೆಡ್‌ಮಾಸ್ಟರಿಗೆ ಈ ಮನುಷ್ಯನ ಮೇಲೆ ಗೌರವವೇ ಹೋಯಿತು.

ಕೋಲು ಮೊಳದುದ್ದ, ತುದಿಯಲ್ಲಿ ಒಂದು ಕೊಕ್ಕೆ. ಆಳೆತ್ತರದ ತೆಳು ಬಿದಿರಿನ ಈಟಿಗೆ ಹಿಂದುಗಡೆ ಸಣ್ಣ ಕುಳಿ. ಕುಳಿಯನ್ನು ಕೊಕ್ಕೆಗೆ ಸಿಕ್ಕಿಸಿ ಕೋಲು ಬೀಸಿದರೆ, ಎಸೆಯುವವನ ಕೈ ಇನ್ನೊಂದು ಮೊಳ ಬೆಳೆದಂತಾಗಿ ಈಟಿ ಹಾರುತ್ತದೆ. ಬೀಸುವುದು ಲೆಕ್ಚರರ ಕೈಲಿ ಆಗುತ್ತಿರಲಿಲ್ಲ. ಊರಿನಲ್ಲಿ ಈಟಿಗೆ ಹೆಸರಾದವರು ಇರುವಾಗ ಯೋಚನೆ ಏಕೆ?

"ಗಂಡಸಾದೋನಿಗೆ ಕೋಲು ಯಾಕ್ ಬೇಕು?" ಎನ್ನುತ್ತಲೇ ಶಿವಲಿಂಗಯ್ಯ ಕೋಲು ಹಿಡಿದರು. ಇಡೀ ಶಾಲೆ ಮೈದಾನದ ಸುತ್ತ ನಿಂತಿತ್ತು. ಓಡಿ ಬಂದು, ಹಲ್ಲು ಕಚ್ಚಿ, ಇದ್ದ ಬದ್ದ ಶಕ್ತಿಯನ್ನೆಲ್ಲ ಭುಜಕ್ಕೆ ತಂದು ಬೀಸಿದರು. ಈಟಿ ಮುಂದಕ್ಕೆ ಹೋಗುವ ಬದಲು ಪಕ್ಕಕ್ಕೆ ಹಾರಿ, ಬೇಲಿ ದಾಟಿ, ಪುಟ್ಟತಾಯಮ್ಮನ ಜೋಳದ ಹೊಲಕ್ಕೆ ಬಿತ್ತು.

ಗಿಣಿ ಕಾಯುತ್ತಿದ್ದ ಪುಟ್ಟತಾಯಮ್ಮ ಒಂದು ಕೈಯಲ್ಲಿ ಕವಣೆ, ಇನ್ನೊಂದರಲ್ಲಿ ಈಟಿ ಹಿಡಿದು ಬೇಲಿ ನುಸುಳಿ ಬಂದಳು. ಐವತ್ತರ ಹತ್ತಿರದ, ಕಡ್ಡಿಯಂಥ ಹೆಂಗಸು.

"ಯಾರಪ್ಪ ಇದ ಎಸ್ದೋರು? ನನ್ನೆಮ್ಮೆ ಕಣ್ಣಿಗೆ ಬಿದ್ದಿದ್ರೆ ಸರ್ಕಾರ ತಂದ್ಕೊಟ್ಟದಾ?"

ಲೆಕ್ಚರರು ಕೈ ಮುಗಿದು, ಕೋಲು ತೋರಿಸಿ ವಿವರ ಹೇಳಿದರು. ಅವಳು ಕೋಲನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಇದೂ ನಮ್ ಕವಣೆ ತರಾನೇ ಅಲ್ವಾ ಬುದ್ದಿ? ರಟ್ಟೇಲಿ ದೂಡಿದ್ರೆ ಎಲ್ಲಿಗೋದದು? ಕೊನೇಲಿ ಮಣಿಕಟ್ಟು ಒದರ್ಬೇಕು."

ಹಾಗೆಂದು ಅವಳೇ ಕೋಲು ಬೀಸಿದಳು. ಮೊದಲನೆಯ ಎಸೆತ ಮೂಗು ನೆಲಕ್ಕಿಕ್ಕಿತು. ಎರಡನೆಯದು ಮೈದಾನದ ನಡುವಿಗೆ ಹೋಯಿತು. ಮೂರನೆಯದು ಸದ್ದಿಲ್ಲದೆ ಹಾರಿ ಖೋ ಖೋ ಕಂಬ ದಾಟಿ ನೆಟ್ಟಗೆ ನಿಂತಿತು. ಲೆಕ್ಚರರು ಟೇಪು ಹಿಡಿದು ಓಡಿದರು. ಅರವತ್ತನಾಲ್ಕು ಮೀಟರ್.

ಇಲ್ಲಿಗೆ ಸುಮ್ಮನಾಗಿದ್ದರೆ ಶಿವಲಿಂಗಯ್ಯ ಪೇಟ ಹಾಕಿಸಿಕೊಂಡು ಹಾಯಾಗಿರುತ್ತಿದ್ದರು. ಆದರೆ ಮಕ್ಕಳು ಒಂದೇ ಸಮ ಚಪ್ಪಾಳೆ ತಟ್ಟುತ್ತಿದ್ದವು, ಅದೂ ಬೇರೆಯವರಿಗೆ. "ಅರವತ್ನಾಲ್ಕು ಏನ್ ಮಹಾ? ಬರಿಗೈಲಿ ಎಪ್ಪತ್ಮೂರು ಎಸ್ದವನು ನಾನು," ಎಂದರು.

"ಎಪ್ಪತ್ಮೂರಾ? ಯಾವ ಟೇಪಲ್ಲಿ ಅಳೆದರು ಸಾರ್?" ಎಂದರು ಲೆಕ್ಚರರು.

"ಟೇಪಲ್ಲ, ಮಾರಲ್ಲಿ."

"ಯಾರ ಮಾರು?"

ಇಪ್ಪತ್ತೈದು ವರ್ಷದಲ್ಲಿ ಒಬ್ಬರೂ ಕೇಳದೇ ಇದ್ದ ಪ್ರಶ್ನೆ ಇದು. ಸರ್ಕಾರ ಕೇಳಿರಲಿಲ್ಲ, ಹೆಣ್ಣು ಕೊಟ್ಟ ಮಾವ ಕೇಳಿರಲಿಲ್ಲ. ಶಿವಲಿಂಗಯ್ಯನಿಗೆ ರೇಗಿಹೋಯಿತು. "ಕರೀರೋ ಚೌಡಣ್ಣನ್ನ! ಇದ್ನೂ ಅವ್ರೇ ಅಳೀಲಿ. ಇದು ಮೂವತ್ತೈದು ಮಾರಿನ ಮೇಲೆ ಒಂದು ಮಾರು ಬಂದ್ರೂ ನಂಗೆ ಸನ್ಮಾನ ಬ್ಯಾಡ!" ಅರವತ್ತನಾಲ್ಕು ಮೀಟರಿಗೆ ಆರಡಿ ಮಾರಾದರೆ ಮೂವತ್ತೈದೇ ಬರುವುದು ಎಂಬ ಲೆಕ್ಕ ಅವರಿಗೆ ಗೊತ್ತಿತ್ತು. ಗೊತ್ತಿಲ್ಲದೆ ಹೋದದ್ದು ಕಣ್ಣೆದುರಿಗೇ ಇತ್ತು: ಚೌಡಯ್ಯ ಆರಡಿ ಆಳಲ್ಲ.

ಎಪ್ಪತ್ತು ದಾಟಿದ ಚೌಡಯ್ಯ ಬಂದರು. ಪಕ್ಕದಲ್ಲಿ ನಿಂತರೆ ಶಿವಲಿಂಗಯ್ಯನ ಭುಜಕ್ಕೆ ಬರುವ ಗಿಡ್ಡ ಆಸಾಮಿ. ಹಗ್ಗ ಎಳೆದದ್ದಾಯಿತು. ಪೂರ್ತಿ ಕೈ ಚಾಚಿ, ಎದೆ ಉಬ್ಬಿಸಿ, ಗಟ್ಟಿಯಾಗಿ ಎಣಿಸುತ್ತ ಅಳೆದರು. ಮೂವತ್ತೈದು ದಾಟಿದಾಗ ಹೆಡ್‌ಮಾಸ್ಟರು ಕೆಮ್ಮಿದರು. ನಲವತ್ತು ದಾಟಿದಾಗ ಮಕ್ಕಳು ಕೇಕೆ ಹಾಕಿದರು. ನಲವತ್ತೆರಡಕ್ಕೆ ಹಗ್ಗ ಮುಗಿಯಿತು.

ಸನ್ಮಾನ ಈಗ ಪುಟ್ಟತಾಯಮ್ಮನಿಗೇ ಆಗಲಿ ಎಂದು ಯಾರೋ ಕೂಗಿದರು. "ಪೇಟ ಹಾಕ್ಕೊಂಡು ನಾನೇನ್ ಗಿಣಿ ಓಡುಸ್ಲಾ? ಡೈರಿ ಟೈಮಾಯ್ತು, ಎಮ್ಮೆ ಕರೀಬೇಕು," ಎಂದು ಅವಳು ಕವಣೆ ಎತ್ತಿಕೊಂಡು ಹೋದಳು. ಹೆಡ್‌ಮಾಸ್ಟರು ಪೇಟದ ಆರ್ಡರು ರದ್ದು ಮಾಡಲು ಆಫೀಸಿಗೆ ಹೋದರು.

ಮೈದಾನ ಖಾಲಿಯಾದ ಮೇಲೆ ಶಿವಲಿಂಗಯ್ಯ ಹಗ್ಗ ಸುತ್ತುತ್ತಿದ್ದ ಚೌಡಯ್ಯನ ಪಕ್ಕ ಕುಕ್ಕರಿಸಿದರು. ಬಾಯಲ್ಲೇ ಲೆಕ್ಕ ಹಾಕಿದ್ದರು. "ಚೌಡಣ್ಣ, ನಿಮ್ ಮಾರು ಐದಡಿ. ಆದ್ರೂ ನಂದು ಅರವತ್ತೊಂದು ಮೀಟ್ರು ಉಳೀತದೆ. ಅಲ್ವಾ?"

ಚೌಡಯ್ಯ ಬಾಯಲ್ಲಿದ್ದ ಎಲೆಅಡಿಕೆ ಉಗಿದರು. "ಉಳೀಯಾಕಿಲ್ಲ ಕಣ್ಲಾ. ಅವತ್ತು ನೀ ಎಸ್ದಿದ್ದು ಮೂವತ್ತು ಮಾರು. ಬೆಳಿಗ್ಗೆ ನಿಮ್ಮವ್ವ ಒಂದು ಚೊಂಬು ಗಟ್ಟಿ ಮೊಸರು ತಂದಿಕ್ಕಿ, ನನ್ ಮಗ ಪರೀಕ್ಷೇಲಿ ಎರಡ್ ಸಲ ಡುಮ್ಕಿ ಹೊಡ್ದವ್ನೆ, ಇದ್ರಲ್ಲಾದ್ರೂ ಒಂದು ದಾರಿ ಮಾಡಣ್ಣ ಅಂದ್ಲು. ಇಂಗೆ ಮೊಳಕೈ ಮಡಚ್ಕೊಂಡು ಅಳ್ದೆ." ಮಡಚಿ ತೋರಿಸಿದರು. "ಪುಟ್ಟತಾಯಿಗೆ ಅದ್ಯಾವ್ದೂ ಬೇಕಾಗಿರ್ಲಿಲ್ಲ. ಕೈ ಪೂರ್ತಿ ಚಾಚ್ದೆ."

ಶಿವಲಿಂಗಯ್ಯನಿಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಈ ರಟ್ಟೆಯ ಬಗ್ಗೆ ಮಾಡಿದ ಭಾಷಣಗಳಿಗೆ ಲೆಕ್ಕವಿಲ್ಲ. ಸತ್ತು ಹತ್ತು ವರ್ಷವಾದ ಅವ್ವನ ಹೆಸರನ್ನು ಒಂದರಲ್ಲೂ ಎತ್ತಿರಲಿಲ್ಲ. ಕೊನೆಗೆ ಸಣ್ಣ ದನಿಯಲ್ಲಿ, "ಈಟಿ ಎಲ್ಲಿ ಬಿತ್ತು ಅಂತ ಅವ್ವ ನೋಡಿರ್ಲಿಲ್ಲ ಅಲ್ವಾ?" ಎಂದರು.

"ನೋಡ್ದೆ ಏನ್ಲಾ? ಬಿದ್ದ ಜಾಗಕ್ಕೆ ಓಡೋಗಿ ಗುರುತಿಗೆ ಕಡ್ಡಿ ನೆಟ್ಟೋಳೇ ಅವ್ಳು. ಆಮೇಕೆ ಸಾಯೋಗಂಟ ಊರ್ ತುಂಬಾ ನಲವತ್ತು ಮಾರು ಅಂತ ಸಾರ್ಕೊಂಡ್ ತಿರುಗಿದ್ಲು."