ಮನೆಗಾಡಿಯ ನೀರಿನ ಟಾಕಿ

ನಮ್ಮ ಯಜಮಾನರಿಗೆ ದೊಡ್ಡ ಕರುಳಿನ ಆಪರೇಷನ್ ಆಗಿ ಎರಡು ವರ್ಷ ಕಳೆದಿತ್ತು. ಗಡ್ಡೆ ತೆಗೆದ ಡಾಕ್ಟರು ಹೊಟ್ಟೆಯ ಎಡಮಗ್ಗುಲಿಗೆ ಮಲ ಹೊರಬರಲು ಒಂದು ದಾರಿ ಮಾಡಿ, ಚೀಲ ಅಂಟಿಸಿ ಮನೆಗೆ ಕಳಿಸಿದ್ದರು. ಜೀವ ಉಳಿಯಿತು. ಆದರೆ ಆ ಚೀಲ ಯಾವಾಗ ತುಂಬುತ್ತದೆ, ಯಾವಾಗ ಅಂಚು ಬಿಟ್ಟುಕೊಳ್ಳುತ್ತದೆ ಎಂದು ಹೇಳುವಂತಿರಲಿಲ್ಲ. ಬಿಟ್ಟುಕೊಂಡರೆ ಬಾಗಿಲು ಹಾಕಿಕೊಳ್ಳಲು ಒಂದು ಜಾಗ ಬೇಕು, ಎರಡು ಬಕೆಟ್ ನೀರು ಬೇಕು. ಬಸ್ಸಿನಲ್ಲಿ ಇವೆರಡೂ ಇಲ್ಲ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ, ರಾಣೇಬೆನ್ನೂರಿನ ಯಾವ ಓಣಿಗೆ ಹೋದರೂ ನಮಸ್ಕಾರ ಮಾಡಿಸಿಕೊಳ್ಳುತ್ತಿದ್ದ ಮನುಷ್ಯ ಮನೆಯ ಪಡಸಾಲೆ ಬಿಟ್ಟು ಕದಲದಾದರು.

ಬ್ಯಾಡಗಿಯಲ್ಲಿ ಅವರ ಅಕ್ಕ ಇದ್ದಾರೆ. ಎಂಬತ್ತು ದಾಟಿದವರು. ಹೆತ್ತ ತಾಯಿ ಬೇಗ ಹೋದದ್ದರಿಂದ ಇವರನ್ನು ಎತ್ತಿ ಆಡಿಸಿ ಬೆಳೆಸಿದವರು ಅವರೇ. ಬಿದ್ದು ಸೊಂಟ ಮುರಿದುಕೊಂಡ ಮೇಲೆ ಅವರು ಹೊಸ್ತಿಲು ದಾಟುವುದೇ ಕಷ್ಟವಾಗಿತ್ತು. ಪ್ರತಿ ಸೋಮವಾರ ಫೋನ್ ಮಾಡಿ ಯಾವಾಗ ಬರುತ್ತೀ ಎಂದು ತಮ್ಮನನ್ನು ಕೇಳುವರು. ಇವರು ಒಮ್ಮೆ ಮೊಣಕಾಲು ನೋವೆನ್ನುವರು, ಒಮ್ಮೆ ಬಿಸಿಲು ಬಹಳ ಎನ್ನುವರು. ಆಪರೇಷನ್ ಆದದ್ದು ಅಕ್ಕನಿಗೆ ಗೊತ್ತಿತ್ತು. ಚೀಲದ ಸುದ್ದಿ ಗೊತ್ತಿರಲಿಲ್ಲ. ಹೇಳಬಾರದೆಂದು ನನ್ನಿಂದಲೂ ಮಾತು ತೆಗೆದುಕೊಂಡಿದ್ದರು. ಹೆಚ್ಚೆಂದರೆ ಒಂದು ತಾಸಿನ ಹಾದಿ. ಎರಡು ವರ್ಷ ನಾವು ಅದನ್ನು ದಾಟಲಿಲ್ಲ.

ಹುಬ್ಬಳ್ಳಿಯ ಗುತ್ತಿಗೆದಾರರೊಬ್ಬರು ತಮ್ಮ ಮನೆಗಾಡಿ ಮಾರುತ್ತಾರೆಂಬ ಸುದ್ದಿ ಇವರೇ ಫೋನಿನಲ್ಲಿ ನೋಡಿ ನನಗೆ ತೋರಿಸಿದರು. ಹಳೇ ಮಿನಿಬಸ್ಸು. ಒಳಗೆ ಎರಡು ಮಂಚ, ಒಂದು ಒಲೆ, ಹಿಂದಿನ ಮೂಲೆಯಲ್ಲಿ ಒಬ್ಬರು ನಿಲ್ಲುವಷ್ಟು ಶೌಚಾಲಯ, ಅದರ ಗೋಡೆಗೆ ಒಂದು ನಲ್ಲಿ. ಮಂಚದ ಕೆಳಗೆ ನೂರು ಲೀಟರಿನ ಪ್ಲಾಸ್ಟಿಕ್ ಟಾಕಿ, ಅದರ ಬಾಯಿ ಮುಚ್ಚಳ ಗಾಡಿಯ ಹೊರಮೈಗೆ. ತಿಂಗಳುಗಟ್ಟಲೆ ಏನನ್ನೂ ಕೇಳದ ಮನುಷ್ಯ ಅದೊಂದನ್ನು ಕೇಳಿದರು. ಆ ಕಾರಣಕ್ಕೇ ನಾನು ಹೂಂ ಅಂದೆ. ಇಲ್ಲವಾದರೆ ನನಗೆ ಇನ್ನೊಂದು ವಸ್ತುವನ್ನು ತಿಕ್ಕಿ ತೊಳೆಯುವ ಶಕ್ತಿ ಉಳಿದಿರಲಿಲ್ಲ.

ಗಾಡಿ ಬಂದು ಮನೆ ಮುಂದೆ ನಿಂತಿತು. ಟಾಕಿಯ ಮುಚ್ಚಳ ತೆಗೆದಾಗ ಹೂದಾನಿಯಲ್ಲಿ ಮರೆತುಬಿಟ್ಟ ನೀರಿನ ವಾಸನೆ. ಇವರಿಗೆ ಬಗ್ಗಲಾಗದು, ಭಾರ ಎತ್ತಲಾಗದು. ಸ್ಟೇರಿಂಗ್ ಹಿಡಿಯಲು ಮಾತ್ರ ಡಾಕ್ಟರು ಒಪ್ಪಿದ್ದರು. ಹೀಗಾಗಿ ಅವರು ಕುರ್ಚಿ ಹಾಕಿಕೊಂಡು ಹೇಳುತ್ತ ಹೋದರು, ನಾನು ಮಾಡುತ್ತ ಹೋದೆ. ಬ್ಲೀಚಿಂಗ್ ಪುಡಿ ಕದಡಿ ಸುರಿದೆ, ಒಂದು ರಾತ್ರಿ ಬಿಟ್ಟೆ, ಬೆಳಿಗ್ಗೆ ಗಾಡಿಯ ಕೆಳಗೆ ಗೋಣಿಚೀಲ ಹಾಸಿ ಮಲಗಿ ತಳದ ತಿರುಪು ಬಿಚ್ಚಿದೆ. ಹಸಿರು ಲೋಳೆಯ ನೀರು ಮುಂಗೈಯಿಂದ ಮೊಣಕೈಗೆ, ಅಲ್ಲಿಂದ ಕುಪ್ಪಸಕ್ಕೆ ಇಳಿಯಿತು. ನನಗೆ ಆಗ ಅರವತ್ತೊಂದು. ತಾಲ್ಲೂಕು ಕಚೇರಿಯ ಕೆಲಸದಿಂದ ನಿವೃತ್ತಳಾದ ಮೇಲೆ ಕೂತು ಉಣ್ಣಬಹುದು ಎಂದು ಒಂದು ಕಾಲಕ್ಕೆ ಅಂದುಕೊಂಡಿದ್ದೆ.

ತುಂಬಿಸುವುದು ಇನ್ನೂ ದೊಡ್ಡ ಕೆಲಸ. ನಮ್ಮ ಓಣಿಗೆ ನಲ್ಲಿ ನೀರು ನಾಲ್ಕೈದು ದಿನಕ್ಕೊಮ್ಮೆ. ಮನೆಯ ತೊಟ್ಟಿ ತುಂಬಿದ ಮೇಲೆ ಉಳಿದ ಹೊತ್ತಿನಲ್ಲಿ ಪೈಪು ಹಿಡಿದು ಗಾಡಿಯ ಪಕ್ಕ ನಿಲ್ಲಬೇಕು. ಆ ಟಾಕಿ ಸುಮ್ಮನೆ ನೀರು ಕುಡಿಯುತ್ತಿರಲಿಲ್ಲ. ಸ್ವಲ್ಪ ಜೋರಾಗಿ ಬಿಟ್ಟರೆ ಗುಳುಗುಳು ಎಂದು ಕೆಮ್ಮಿ ನನ್ನ ಮುಖಕ್ಕೇ ಕಕ್ಕುತ್ತಿತ್ತು. ಸಣ್ಣಗೆ ಬಿಟ್ಟು ಮುಕ್ಕಾಲು ತಾಸು ನಿಂತರೆ ಹೇಗೋ ತುಂಬುತ್ತಿತ್ತು. ಹಳೇ ಗಾಡಿಯ ಸ್ವಭಾವವೇ ಹೀಗಿರಬೇಕು ಎಂದುಕೊಂಡು ಇಬ್ಬರೂ ಸುಮ್ಮನಾದೆವು. ಅದು ತನ್ನ ರೋಗವನ್ನು ಆಗಲೇ ಹೇಳುತ್ತಿತ್ತು, ನಮಗೆ ತಿಳಿಯಲಿಲ್ಲ.

ಪರೀಕ್ಷೆಗೆಂದು ಒಂದು ದಿನ ದೇವರಗುಡ್ಡದ ಹಾದಿ ಹಿಡಿದೆವು. ಗುಡ್ಡ ಕಾಣುವ ಹೊತ್ತಿಗೆ ಇವರಿಗೆ ಚೀಲ ಖಾಲಿ ಮಾಡಬೇಕಾಯಿತು. ಹೊಲದ ಬದಿಗೆ ಗಾಡಿ ನಿಲ್ಲಿಸಿ ಒಳಗೆ ಹೋದರು. ನಲ್ಲಿ ತಿರುವಿದ ಸದ್ದು, ಪಂಪು ಗುರ್ ಎಂದ ಸದ್ದು, ನೀರು ಬಿದ್ದ ಸದ್ದು. ಆಮೇಲೆ ನೀರಿನ ಸದ್ದು ಸಣ್ಣಗಾಗುತ್ತ ನಿಂತೇ ಹೋಯಿತು. ಪಂಪು ಮಾತ್ರ ನರಳುತ್ತಿತ್ತು. ಕುಡಿಯಲು ತಂದಿದ್ದ ಬಾಟಲಿಗಳನ್ನೆಲ್ಲ ಬಾಗಿಲ ಸಂದಿಯಿಂದ ಒಳಗೆ ಕೊಟ್ಟೆ. ಹೊರಗೆ ಬಂದಾಗ ಅವರ ಮುಖ ಸಣ್ಣದಾಗಿತ್ತು. ಮಾರಿಬಿಡೋಣ ಎಂದರು. ನನಗೂ ಹಾಗೇ ಅನ್ನಿಸಿತ್ತು, ಆದರೆ ಅವರ ಬಾಯಿಂದ ಕೇಳಿದ ಮೇಲೆ ಬೇಡ ಅಂದೆ.

ಹಾವೇರಿಯಲ್ಲಿ ಒಬ್ಬ ಪ್ಲಂಬರನನ್ನು ಹುಡುಕಿದೆವು. ಅವನು ಟಾಕಿಯ ಮುಚ್ಚಳ ತೆಗೆದಿಟ್ಟು ಕಡ್ಡಿ ಇಳಿಸಿ ನೀರಿದೆ ಎಂದು ಖಾತ್ರಿ ಮಾಡಿಕೊಂಡ, ಪಂಪೇ ಹೋಗಿದೆ ಎಂದ, ಹೊಸದು ಹಾಕಿದ, ಪೈಪಿನ ಜೋಡಣೆಗಳನ್ನೆಲ್ಲ ಬಿಗಿ ಮಾಡಿದ. ಅವನ ಅಂಗಡಿ ಮುಂದೆ ನೀರು ಭರ್ಜರಿಯಾಗಿ ಬಂತು. ಮುಚ್ಚಳ ಹಾಕಿಕೊಂಡು ಊರಿಗೆ ಬಂದೆವು. ಮನೆ ಮುಂದೆ ನಲ್ಲಿ ತಿರುವಿದರೆ ಮತ್ತೆ ಅದೇ ಕಥೆ: ಒಂದು ಬಕೆಟ್ ಬರುವುದು, ನಿಲ್ಲುವುದು. ಹೊಸ ಪಂಪೂ ಹಳೆಯದರಂತೆ ನರಳಿತು. ಆ ಸಂಜೆ ಅನ್ನ ಸಾರು ಮಾಡುವ ಮನಸ್ಸಾಗದೆ ಮಂಡಕ್ಕಿ ತಿಂದು ಮಲಗಿದೆವು.

ಆ ಸೋಮವಾರ ಅಕ್ಕ ಫೋನಿನಲ್ಲಿ ಯಾವಾಗ ಬರುತ್ತೀ ಎಂದು ಕೇಳಲಿಲ್ಲ. ಬೇರೆ ಏನೇನೋ ಮಾತಾಡಿ ಇಟ್ಟರು. ಇವರು ಬಹಳ ಹೊತ್ತು ಫೋನನ್ನು ಕೈಯಲ್ಲೇ ಹಿಡಿದು ಕೂತಿದ್ದರು. ಮರುದಿನ ಬೆಳಿಗ್ಗೆ ಎರಡು ಕ್ಯಾನ್ ನೀರು ಪ್ರತ್ಯೇಕವಾಗಿ ತುಂಬಿಸು, ಹೋಗೇಬಿಡೋಣ ಎಂದರು.

ಮೋಟೆಬೆನ್ನೂರಿನವರೆಗೆ ಹೆದ್ದಾರಿ, ಅಲ್ಲಿಂದ ಬ್ಯಾಡಗಿ ರಸ್ತೆ. ಗಾಡಿ ಚೆನ್ನಾಗಿಯೇ ಓಡಿತು. ನಾವು ಮರೆತದ್ದು ಒಂದೇ, ಅದು ಮೆಣಸಿನಕಾಯಿ ಸುಗ್ಗಿ. ಮಾರುಕಟ್ಟೆಯ ಹತ್ತಿರ ಬರುವಷ್ಟರಲ್ಲಿ ಮೂಟೆ ಹೇರಿದ ಗಾಡಿಗಳು ಹಿಂದೆ ಮುಂದೆ ಸಿಕ್ಕಿಕೊಂಡು ಅಲ್ಲಾಡದಂತಾಯಿತು. ಊರಿನವರು ಮೆಣಸಿನಕಾಯಿಯ ಘಾಟಿನಲ್ಲೇ ನಗುತ್ತ ಓಡಾಡುತ್ತಿದ್ದರು. ಇವರಿಗೆ ಕೆಮ್ಮು ಹತ್ತಿತು. ಹೊಟ್ಟೆ ಹಿಡಿದುಕೊಂಡು ಕೆಮ್ಮಿದರು, ಮತ್ತೆ ಕೆಮ್ಮಿದರು, ಆಮೇಲೆ ನನ್ನ ಕಡೆ ತಿರುಗಿ ನೋಡಿದರು. ಚೀಲ ಬಿಟ್ಟುಕೊಂಡಿದೆ ಎಂದು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಹೇಗೋ ಒಂದು ಪಕ್ಕದ ಓಣಿಗೆ ಗಾಡಿ ಹೊರಳಿಸಿ ಒಳಗೆ ಹೋದರು. ಒಂದು ಕ್ಯಾನು ದಾರಿಯಲ್ಲೇ ಉರುಳಿ ಅರ್ಧ ಚೆಲ್ಲಿತ್ತು. ಉಳಿದದ್ದು ಸಾಲಲಿಲ್ಲ. ನಲ್ಲಿ ಎಂದಿನಂತೆ ಸ್ವಲ್ಪ ಬಂದು ನಿಂತಿತು. ನಾನು ನೀರು ಕೇಳಲೆಂದು ಕೆಳಗಿಳಿದೆ. ಎದುರಿಗೇ ಒಂದು ಸಣ್ಣ ಅಂಗಡಿ. ರೈತರು ಬೆನ್ನಿಗೆ ಹಾಕಿಕೊಂಡು ಔಷಧ ಹೊಡೆಯುವ ಬ್ಯಾಟರಿ ಪಂಪುಗಳನ್ನು ರಿಪೇರಿ ಮಾಡುವ ಜಾಗ. ಬಿಚ್ಚಿಟ್ಟ ಒಂದು ಪಂಪಿನ ಹೊಟ್ಟೆಯೊಳಗೆ ನಮ್ಮ ಗಾಡಿಯಲ್ಲಿದ್ದಂಥದೇ ಸಣ್ಣ ಮೋಟರು ಕಾಣಿಸಿತು. ಅಂಗಡಿಯವರು ನನ್ನಷ್ಟೇ ವಯಸ್ಸಿನವರು. ಒಂದು ಕಿವಿ ಕೇಳಿಸದು, ಹೀಗಾಗಿ ಅವರ ಮಾತೆಲ್ಲ ಓಣಿಗೇ ಕೇಳುವಂತಿತ್ತು. ನಮ್ಮ ಗಾಡಿಯ ನೀರು ನಿಂತಿದೆ, ತುರ್ತಾಗಿ ನೀರು ಬೇಕು ಎಂದೆ. ಇಷ್ಟೇಕೆ ಅವಸರ, ಚಹಾ ಕುಡಿಯಿರಿ, ಕೈಯಲ್ಲಿದ್ದ ಕೆಲಸ ಮುಗಿಸಿ ಬರುತ್ತೇನೆ ಎಂದು ಅವರು ಗಟ್ಟಿಯಾಗಿ ಹೇಳಿದರು. ಚೀಲದ ಸುದ್ದಿ ಹೇಳುವುದಿಲ್ಲವೆಂದು ಕೊಟ್ಟ ಮಾತು ನೆನಪಾಗಿ, ನೀರಷ್ಟೇ ಕೊಡಿ ಎಂದು ಮತ್ತೆ ಕೇಳಿದೆ.

ಆಗ ಗಾಡಿಯ ಬಾಗಿಲು ಅರ್ಧ ತೆರೆಯಿತು. ಇವರು ಟವೆಲನ್ನು ಹೊಟ್ಟೆಗೆ ಒತ್ತಿ ಹಿಡಿದು ನಿಂತಿದ್ದರು.

"ನನ್ನ ಹೊಟ್ಟಿಗೆ ಚೀಲ ಹಾಕ್ಯಾರ್ರಿ," ಎಂದರು.

ಅಂಗಡಿಯವರು ಕಿವಿಗೆ ಕೈಯಿಟ್ಟು, "ಏನಂದ್ರಿ?" ಎಂದರು.

ಇವರು ಹಿಂದಿನ ಬೆಂಚಿನ ಹುಡುಗರಿಗೂ ಕೇಳಲಿ ಎಂದು ಪಾಠ ಹೇಳುತ್ತಿದ್ದ ದನಿಯಲ್ಲಿ ಹೇಳಿದರು: "ಆಪರೇಷನ್ ಆಗೇತ್ರಿ. ಹೊಟ್ಟಿಗೆ ಹೇಲಿನ ಚೀಲ ಐತಿ. ಅದು ಸೋರಾಕತ್ತೈತಿ. ತೊಳಕೊಳ್ಳಾಕ ನೀರು ಬೇಕ್ರಿ."

ಓಣಿಯಲ್ಲಿ ಮೂಟೆ ಹೊರುತ್ತಿದ್ದವರು ತಿರುಗಿ ನೋಡಿದರು, ಮತ್ತೆ ತಮ್ಮ ಕೆಲಸಕ್ಕೆ ಹೊರಳಿದರು. ಅಂಗಡಿಯವರು ಒಳಗೆ ಹೋಗಿ ಎರಡು ಬಕೆಟ್ ನೀರು ತಂದು ಮೆಟ್ಟಿಲ ಮೇಲಿಟ್ಟರು. "ಮೊದಲ ನೀವು ತೊಳಕೋರಿ. ಟಾಕಿ ಆಮ್ಯಾಲ ನೋಡೂಣು," ಎಂದರು. ಆ ಮಾತೊಂದನ್ನು ಅವರು ಮೆಲ್ಲಗೆ ಆಡಿದರು.

ಇವರು ಹೊಸ ಚೀಲ ಹಾಕಿಕೊಂಡು ಬಟ್ಟೆ ಬದಲಿಸಿ ಬಂದ ಮೇಲೆ ಅಂಗಡಿಯವರು ಪಂಪು ಚಾಲೂ ಮಾಡಿಸಿ ಕಿವಿ ಕೇಳಿಸುವ ಕಡೆಯಿಂದ ಬಗ್ಗಿ ಆಲಿಸಿದರು. ನೀರು ನಿಂತಿತು. ಪಂಪು ಆರಿಸಲಿಲ್ಲ. ಹಾಗೇ ಹೊರಗೆ ಹೋಗಿ ಟಾಕಿಯ ಮುಚ್ಚಳ ತಿರುವಿದರು. ಹುಸ್ ಎಂದು ಗಾಳಿ ಒಳಗೆ ಎಳೆದುಕೊಂಡಿತು, ಒಳಗೆ ನಲ್ಲಿಯಲ್ಲಿ ನೀರು ಧುಮುಕಿತು.

"ಪಂಪು ಬರೋಬ್ಬರಿ ಐತ್ರಿ. ಟಾಕಿಗೆ ಉಸಿರು ಕಟ್ಟೈತಿ," ಎಂದರು. ನೀರು ಹೊರಗೆ ಬಂದಷ್ಟು ಗಾಳಿ ಒಳಗೆ ಹೋಗಬೇಕು, ಅದಕ್ಕೊಂದು ಸಣ್ಣ ಕೊಳವೆ ಎಲ್ಲೋ ಇರಲೇಬೇಕು ಎಂದು ಹುಡುಕಿದರು. ಮುಚ್ಚಳದಿಂದ ಒಂದು ಗೇಣು ಮೇಲೆ, ಗಾಡಿಯ ಮೈಗೆ, ಕಿರುಬೆರಳು ಹೋಗುವಷ್ಟು ತೂತು. ಅದರ ತುಂಬ ಕಣಜದ ಹುಳ ಮಣ್ಣು ಮೆತ್ತಿ ಗೂಡು ಕಟ್ಟಿತ್ತು. ನಾನು ಅದನ್ನು ಕೆಸರಿನ ಕಲೆ ಎಂದುಕೊಂಡು ಎಷ್ಟು ಸಲ ಒರೆಸಿದ್ದೆನೋ. ಸೈಕಲ್ಲಿನ ಬ್ರೇಕ್ ತಂತಿ ಹಾಕಿ ಕೆರೆದು ತೆಗೆದರು, ಮತ್ತೆ ಹುಳ ಕೂಡದಂತೆ ಔಷಧ ಪಂಪಿನ ಜಾಲರಿಯ ತುಂಡೊಂದನ್ನು ಬಾಯಿಗೆ ಕಟ್ಟಿದರು. ಮುಚ್ಚಳ ಬಿಗಿದು ನಲ್ಲಿ ಬಿಟ್ಟರೆ ನೀರು ನಿಲ್ಲಲೇ ಇಲ್ಲ. ಅವರ ನಲ್ಲಿಯಿಂದಲೇ ಪೈಪು ಎಳೆದು ಟಾಕಿ ತುಂಬಿಸಿದೆವು. ಈ ಸಲ ಅದು ಕಕ್ಕಲಿಲ್ಲ. ನನಗೆ ಖುಷಿಯಾಗಬೇಕಿತ್ತು. ತಿಂಗಳುಗಟ್ಟಲೆ ಒಂದು ಹಿಡಿ ಮಣ್ಣಿಗಾಗಿ ಒದ್ದಾಡಿದೆವಲ್ಲ ಎಂಬ ಸುಸ್ತೇ ಮೊದಲು ಬಂತು.

ಅಕ್ಕನ ಮನೆ ಅಲ್ಲಿಂದ ನಾಲ್ಕು ಓಣಿ ಆಚೆ. ಅವರು ಮಂಚದ ಮೇಲೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದರು. ತಮ್ಮನನ್ನು ನೋಡಿ ಎದ್ದು ನಿಲ್ಲಲು ಹೋಗಿ, ಆಗದೆ, ಕೈ ಮಾತ್ರ ಚಾಚಿದರು. ಇವರು ಪಕ್ಕದಲ್ಲಿ ಕೂತು ಅಂಗಿ ಎತ್ತಿ ತೋರಿಸಿಯೇಬಿಟ್ಟರು. ಓಣಿಯಲ್ಲಿ ಒಮ್ಮೆ ಕೂಗಿ ಹೇಳಿದ ಮೇಲೆ ಎರಡನೇ ಸಲ ಹೇಳುವುದು ಅಷ್ಟು ಕಷ್ಟವಾಗಲಿಲ್ಲವೆಂದು ಆಮೇಲೆ ನನಗೆ ಹೇಳಿದರು.

ಅಕ್ಕ ಆ ಚೀಲವನ್ನು ಬಹಳ ಹೊತ್ತು ನೋಡಿದರು. ಅಂಗಿಯನ್ನು ತಾವೇ ಕೆಳಗೆಳೆದು ಮುಚ್ಚಿದರು. ನಾನು ಬಾಗಿಲ ಹತ್ತಿರ, ಬಕೆಟ್ ಎತ್ತಿ ಕೊಡುವಾಗ ಒದ್ದೆಯಾದ ಸೀರೆಯಲ್ಲಿ ನಿಂತಿದ್ದೆ. ನನ್ನ ಕಡೆ ತಿರುಗಿ, "ಎರಡು ವರ್ಸ ಒಬ್ಬಾಕೀನ ಮಾಡೀದೇನವಾ?" ಎಂದು ಕೇಳಿದರು.

ಹೂಂ ಅಂದೆ. ಆ ಎರಡು ವರ್ಷದಲ್ಲಿ ಅದನ್ನು ನನಗೆ ಯಾರೂ ಕೇಳಿರಲಿಲ್ಲ, ಇವರೂ ಕೇಳಿರಲಿಲ್ಲ.

ಅಕ್ಕ ಬೆಳ್ಳುಳ್ಳಿಯ ಮೊರ ಸರಿಸಿ, ತಮ್ಮನನ್ನು ಎಬ್ಬಿಸಿ ಕುರ್ಚಿಗೆ ಕಳಿಸಿ, ಮಂಚ ತಟ್ಟಿ ನನ್ನನ್ನು ಕರೆದರು. ತಮ್ಮದೊಂದು ಸೀರೆ ಕೊಟ್ಟರು. ಉಟ್ಟುಕೊಂಡು ಅಡ್ಡಾದೆ. ಅಕ್ಕನೂ ತಮ್ಮನೂ ಯಾವುದೋ ಹಳೇ ಮಾತಿಗೆ ಹತ್ತಿದರು, ನಡುನಡುವೆ ನಕ್ಕರು. ರೊಟ್ಟಿ ಬಡಿಯಲು ಯಾರನ್ನಾದರೂ ಕರೆಯಬೇಕು, ನಾನೇ ಏಳಬೇಕೇನೋ ಎಂದು ಯೋಚಿಸುತ್ತಲೇ ಇದ್ದೆ. ಏಳಲಾಗಲಿಲ್ಲ. ಊಟಕ್ಕೆ ಎಬ್ಬಿಸಿದಾಗ ಬಿಸಿಲು ಹಿತ್ತಲಿಗೆ ಹೋಗಿತ್ತು, ನೆರೆಮನೆಯಿಂದ ರೊಟ್ಟಿ ಬಂದಿತ್ತು, ಇವರು ತಾವೇ ನನಗೆ ತಾಟಿನಲ್ಲಿ ಬಡಿಸಿಕೊಂಡು ಬಂದಿದ್ದರು.