ಮರಲ್ ಮೀನಿಗೆ ಬೇಕಾದ ಗಾಳಿ

ಅತ್ತೆ ಔರಾದ ಕಡೆಯ ಹಳ್ಳಿಯಿಂದ ಬೀದರಿನ ನಮ್ಮ ಮನೆಗೆ ಬಂದಿಳಿದಾಗ ಅವರ ಕೈಯಲ್ಲಿ ಸ್ಟೀಲಿನ ಹಾಲಿನ ಕ್ಯಾನಿತ್ತು. ಕುರಿ ಹಾಲು ತಂದಿರಬೇಕೆಂದು ಖುಷಿಯಿಂದ ಕೈ ಚಾಚಿದೆ. ಅವರು ಕ್ಯಾನನ್ನು ಹಿಂದಕ್ಕೆ ಎಳೆದುಕೊಂಡರು.

"ಮುಟ್ಟಬ್ಯಾಡವ್ವಾ. ಮರಲ್ ಮೀನಿನ ಮರಿ ಅದಾವ. ನಾಳಿ ಮಿರಗ ಅಲ್ಲೇನು."

ನನಗೆ ಗೊತ್ತಾಯಿತು. ಮಿರಗದ ದಿನ, ಅಂದರೆ ಮೃಗಶಿರ ಮಳೆ ಕೂಡುವ ದಿನ, ಭಾಲ್ಕಿಯ ಸಾಯಗಾಂವ ಕಡೆ ಒಬ್ಬ ಮುದುಕರು ಜೀವಂತ ಮೀನಿನ ಮರಿಯ ಬಾಯಲ್ಲಿ ಮದ್ದು ತುಂಬಿ, ದಮ್ಮು ಇದ್ದವರಿಗೆ ನುಂಗಿಸುತ್ತಾರೆ. ನನ್ನ ಎಂಟು ವರ್ಷದ ಮಗಳಿಗೆ ದಮ್ಮು, ಉಸಿರು ಕಟ್ಟಿದಾಗ ಬಾಯಿಗಿಟ್ಟು ಎಳೆದುಕೊಳ್ಳುವ ಇನ್‌ಹೇಲರ್ ಪಂಪ್ ಸದಾ ಹತ್ತಿರವಿರಬೇಕು. ಮದ್ದಿಗೆ ಕಟ್ಟಳೆಗಳಿವೆ. ಮೀನು ಜೀವಂತ ಇರಬೇಕು. ಮುದುಕರ ಕೈ ಸೇರುವವರೆಗೆ ಅದರ ಮೇಲೆ ಯಾರ ಕಣ್ಣೂ ಬೀಳಬಾರದು. ಹಿಂದಿನ ದಿನದಿಂದಲೇ ಬೇರೆ ಯಾವ ಔಷಧವನ್ನೂ ಮುಟ್ಟಬಾರದು. ಈ ಕೊನೆಯ ಪಥ್ಯ ಕೇಳಿದ್ದೇ ತಡ, ನನ್ನ ಪಿತ್ತ ನೆತ್ತಿಗೇರಿತು.

"ಪಂಪ್ ಬಿಟ್ಟು ಅಕಿ ಹ್ಯಾಂಗ ಇರ್ತಾಳ್ರಿ ಅತ್ತಿ?"

"ನಮ್ಮ ಕಾಲದಾಗ ಯಾವ ಪಂಪ್ ಇತ್ತವ್ವಾ?"

ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ನನಗೆ ಎರಡೂ ಚೆನ್ನಾಗಿ ಬರುತ್ತವೆ. ಆಡುವಷ್ಟು ಆಡಿ, ಪಂಪನ್ನು ಮಗಳ ಕೈಗೆಟುಕುವ ಗೂಡಿನಲ್ಲಿಟ್ಟು ಕಾಲೇಜಿಗೆ ಹೊರಟೆ.

ನಾನು ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಆ ದಿನದ ಪಾಠ ಮೀನು ನೀರು ಬಿಟ್ಟು ದಡಕ್ಕೆ ಬಂದದ್ದು. ಕಾಲು ಬೇಕಾದದ್ದು ನೆಲಕ್ಕೆ, ಆದರೆ ಅದು ಮೂಡಿದ್ದು ನೀರಿನೊಳಗೇ. ರೆಕ್ಕೆಯಲ್ಲಿ ಮೂಳೆ ಬೆಳೆದು, ಆಳವಿಲ್ಲದ ಕೆಸರಲ್ಲಿ ಮೀನು ಅದನ್ನು ಊರಿ ತಲೆ ಎತ್ತುತ್ತಿತ್ತು. ನಿಂತ ನೀರಿನಲ್ಲಿ ಉಸಿರು ಸಾಲದೆ ಮೇಲೆ ಬಂದು ಗಾಳಿ ನುಂಗುತ್ತಿತ್ತು. ಇಷ್ಟು ಹೇಳುವಾಗ ಮಗಳ ನೆನಪಾಯಿತು. ಮನೆಯಲ್ಲಿ ಏನು ನಡೆದಿದೆಯೋ ಎಂಬ ಹೆದರಿಕೆ. ಗಂಟೆ ಹೊಡೆದದ್ದೇ ಸ್ಕೂಟಿ ಹತ್ತಿದೆ.

ಮಳೆಗೆ ಮುಂಚಿನ ಗಾಳಿ ಎದ್ದು ಓಣಿಯೆಲ್ಲ ಧೂಳಾಗಿತ್ತು. ಮಗಳ ಎದೆಯ ಸೀಟಿ ಬಾಗಿಲಲ್ಲೇ ಕೇಳಿಸಿತು. ಅವಳು ಮಂಚದ ತುದಿಯಲ್ಲಿ ಕೂತು, ಮೊಣಕಾಲಿಗೆ ಕೈ ಊರಿ ಮುಂದಕ್ಕೆ ಬಾಗಿದ್ದಳು. ಉಸಿರು ಎಳೆದಾಗಲೆಲ್ಲ ಕೊರಳ ಬುಡ ಗುಳಿ ಬೀಳುತ್ತಿತ್ತು. ಗೂಡಿನಲ್ಲಿ ಪಂಪ್ ಇರಲಿಲ್ಲ.

"ಪಂಪ್ ಎಲ್ಲದ್ರಿ?"

"ನಾ ತಗದಿಟ್ಟೀನಿ. ಎದಿ ತಿಕ್ಕೀನಿ, ಬಿಸಿನೀರ್ ಕುಡಸೀನಿ. ಜರಾ ತಡಿ. ಇದೊಂದ್ ರಾತ್ರಿ ಕಳದ್ರ ಜನ್ಮದಾಗ ದಮ್ಮು ಬರಂಗಿಲ್ಲ."

"ರಾತ್ರಿತನಕ ಅಕಿ ಇರಬೇಕಲ್ರಿ! ಕೊಡ್ರಿ ಇಲ್ಲಿ!"

ಅವರ ಕಣ್ಣಲ್ಲಿ ನೀರಿತ್ತು, ಆದರೂ ಸೊಂಟಕ್ಕೆ ಸಿಕ್ಕಿಸಿದ ಎಲೆಅಡಿಕೆ ಸಂಚಿಯ ಮೇಲಿನ ಕೈ ತೆಗೆಯಲಿಲ್ಲ. ಈ ಹೆಂಗಸಿನ ಎದೆಯಲ್ಲಿ ಕಲ್ಲಿದೆ ಎಂದುಕೊಂಡೆ. ಮಗಳ ತುಟಿ ನೀಲಿಗಟ್ಟುತ್ತಿತ್ತು. ಮೆಡಿಕಲ್‌ಗೆ ಓಡಿ ಬರುವಷ್ಟು ಹೊತ್ತು ಅವಳಲ್ಲಿ ಉಳಿದಿರಲಿಲ್ಲ. ಮೂಲೆಯಲ್ಲಿದ್ದ ಕ್ಯಾನನ್ನು ಎತ್ತಿಕೊಂಡೆ.

"ಇವನ್ನ ಮೋರಿಗೆ ಸುರೀತೇನಿ. ಆಮ್ಯಾಲ ಯಾವ ಪಥ್ಯ ಮಾಡಸ್ತೀರೋ ನೋಡ್ತೇನಿ!"

ಬಿಗಿದ ಮುಚ್ಚಳವನ್ನು ಸೌಟಿನ ಹಿಡಿಯಿಂದ ಮೀಟಿದೆ. ಬಾಯಿಮಟ್ಟ ತುಂಬಿದ್ದ ನೀರು ನನ್ನ ಕಾಲ ಮೇಲೆ ಚೆಲ್ಲಿತು. ಒಳಗೆ ಬೆರಳುದ್ದದ ಮರಿಗಳು ಮಗ್ಗುಲಾಗಿ ತೇಲುತ್ತಿದ್ದವು.

ಅತ್ತೆ ಬಗ್ಗಿ ನೋಡಿದರು. ಒಂದೊಂದನ್ನೂ ಬೆರಳಿನಿಂದ ಅಲುಗಾಡಿಸಿದರು. ಆಮೇಲೆ ಸಂಚಿ ಬಿಚ್ಚಿ, ಎಲೆಗಳ ನಡುವಿನಿಂದ ಪಂಪ್ ತೆಗೆದು ನನ್ನತ್ತ ಚಾಚಿದರು.

"ಸತ್ತ ಮೀನಿಗಿ ಯಾತರ ಪಥ್ಯ. ತಗೋ."

ಪಂಪನ್ನು ಮಗಳ ಬಾಯಿಗಿಟ್ಟು ಒತ್ತಿದೆ, ತುಸು ತಡೆದು ಮತ್ತೆ ಒತ್ತಿದೆ. ಸೀಟಿ ಸಣ್ಣದಾಯಿತು. ತುಟಿಗೆ ಬಣ್ಣ ಬಂತು. ನನಗೆ ಅಳು ತಡೆಯಲಾಗಲಿಲ್ಲ.

"ಆಯಿ, ಮೀನ ಯಾಕ ಸತ್ವು?" ಮಗಳು ಅಜ್ಜಿಯನ್ನು ಕೇಳಿದ ಮೊದಲ ಮಾತು ಅದು.

"ಏನೋ ಯವ್ವಾ. ಬಸ್ಸಿನ್ಯಾಗ ತುಳುಕಬಾರ್ದಂತ ತುಂಬ ನೀರ್ ಹಾಕಿ ಬಿಗಿದಿದ್ದೆ."

ನಾನು ಸುಮ್ಮನಿರಬಹುದಿತ್ತು. ಆದರೆ ಗೆದ್ದಿದ್ದೆನಲ್ಲ, ನಾಲಿಗೆ ನಿಲ್ಲಲಿಲ್ಲ.

"ಬಿಗಿದಿದ್ದಕ್ಕೇ ಸತ್ತಾವ್ರಿ. ಮರಲ್‌ಗೆ ನೀರೊಂದೇ ಸಾಲಂಗಿಲ್ಲ. ಮ್ಯಾಲ ಬಂದು ಗಾಳಿ ತಗೋಬೇಕು. ದಡಕ್ಕ ಬಂದ ಆ ಹಳಿ ಮೀನ ಮಾಡ್ತಿದ್ದಂಗ. ಇದು ಆ ಬಳಗದ್ದಲ್ಲ, ಖರೆ ಕಲತದ್ದು ಅದೇ ವಿದ್ಯಾ. ಜಾಗ ಬಿಡದೆ ಮುಚ್ಚಿದ್ರ ನೀರಾಗೇ ಉಸಿರುಗಟ್ಟಿ ಸಾಯ್ತದ."

ಅತ್ತೆ ಒದ್ದೆ ನೆಲದ ಮೇಲೇ ಕೂತುಬಿಟ್ಟರು.

"ಅವತ್ತೂ ಕೊಡದ ಬಾಯಿ ನಾನೇ ಬಿಗಿದಿದ್ದೆ," ಎಂದರು.

ನನ್ನ ಗಂಡನಿಗೆ ಒಬ್ಬಳು ಅಕ್ಕ ಇದ್ದಳು, ಸಣ್ಣವಳಿದ್ದಾಗಲೇ ತೀರಿಕೊಂಡಳು ಎಂಬುದಷ್ಟೇ ನನಗೆ ಗೊತ್ತಿತ್ತು. ಅವಳಿಗೂ ದಮ್ಮಿತ್ತಂತೆ. ಅವಳನ್ನು ಕಂಕುಳಲ್ಲಿ ಎತ್ತಿಕೊಂಡು, ಬಾಯಿಮಟ್ಟ ನೀರು ತುಂಬಿ ಬಟ್ಟೆ ಬಿಗಿದ ಮೀನಿನ ಕೊಡ ತಲೆಯ ಮೇಲಿಟ್ಟು ಅತ್ತೆ ಮಿರಗಕ್ಕೆ ನಡೆದು ಹೋಗಿದ್ದರು. ಅಲ್ಲಿ ಕೊಡದ ಬಟ್ಟೆ ಬಿಚ್ಚಿದರೆ ಮೀನು ಸತ್ತಿದ್ದವು. ಮದ್ದು ಕೊಡುವವರು ಮುಂದಿನ ವರ್ಷ ಬಾ ಎಂದು ಕಳಿಸಿದರಂತೆ.

"ಆ ಮಳಿಗಾಲ ದಾಟ್ಲಿಲ್ಲ ಅಕಿ. ಸತ್ತ ಮೀನ ಕೊಟ್ಟಾನ ಅಂತ ಆ ಮೀನು ಮಾರಿದವಗ ಇಷ್ಟ್ ವರ್ಷ ಶಾಪ ಹಾಕೀನಿ." ಅವರು ನನ್ನ ಮುಖ ನೋಡಿದರು. "ನಾನೇ ಏನವ್ವಾ ಹಂಗಾದ್ರ?"

ಮೀನು ನುಂಗಿದರೆ ದಮ್ಮು ಹೋಗುವುದಿಲ್ಲ, ಬದುಕಿದ್ದ ಮೀನೂ ಅವಳನ್ನು ಉಳಿಸುತ್ತಿರಲಿಲ್ಲ ಎನ್ನಬಹುದಿತ್ತು. ಅದು ನಿಜ. ಆದರೆ ಅದನ್ನು ಅವರು ನಂಬುತ್ತಿರಲಿಲ್ಲ. ನನ್ನ ಪಾಠದಲ್ಲಿ ಅವರು ನಂಬಿದ್ದು ಮುಚ್ಚಳದ ಮಾತೊಂದನ್ನೇ.

"ಇಲ್ರಿ ಅತ್ತಿ," ಎಂದೆ. "ಅವಾಗಿನ ಮೀನ ಬ್ಯಾರೆ. ಅವಕ್ಕ ಮ್ಯಾಲಿನ ಗಾಳಿ ಬೇಕಿರ್ಲಿಲ್ಲ. ಈಗೀಗ ಬದಲಾಗ್ಯಾವ್ರಿ."

"ಇಷ್ಟರಾಗೇ ಬದಲಾದ್ವಾ?"

"ಹೌದ್ರಿ. ನಾ ಕಾಲೇಜಿನ್ಯಾಗ ಕಲಸೂದು ಅದನ್ನೇ."

ಮಗಳು ತಲೆ ಎತ್ತಿದಳು. ಮೀನು ಬದಲಾಗಲು ಕೋಟಿಗಟ್ಟಲೆ ವರ್ಷ ಹಿಡಿಯುತ್ತದೆಂದು ನನ್ನಿಂದಲೇ ಕೇಳಿದವಳು, ನಾನು ತಪ್ಪಿದರೆ ತಿದ್ದದೆ ಬಿಡುವವಳಲ್ಲ. ಅವಳು ಬಾಯಿ ತೆರೆದಳು. ಅವಳು ಆಯಿಯನ್ನು ನೋಡಿದಳು, ನನ್ನನ್ನು ನೋಡಿದಳು.

"ಹೌದು ಆಯಿ," ಎಂದಳು, ಮಾತಿನ ನಡುವೆ ಉಸಿರು ಎಳೆದುಕೊಳ್ಳುತ್ತ, "ನಮ್ಮ ಸಾಲಿ ಪುಸ್ತಕದಾಗನೂ ಹಂಗೇ ಅದ."