ಕೆಂಪು ವೇಲಿನ ಹಿಂದೆ

ಡೊಂಬಿವಲಿ ಸ್ಟೇಷನ್ನಿನ ಬ್ರಿಜ್ಜಿನ ಮೇಲೆ ಕೈಕೈ ಹಿಡಿದು ನಡೆಯುವ ಜೋಡಿಗಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಹಿಂದೆ ಸಾವಿರ ಜನ ಲೋಕಲ್ ರೈಲು ಹಿಡಿಯಲು ಓಡುತ್ತಿರುವಾಗ ಇವರದೇನು ಮೆರವಣಿಗೆ? "ಏಕ್ ಸೈಡ್ ಚಲೋ!" ಎಂದು ಕೂಗಿ, ಒಂದು ಬದಿಗೆ ಸರಿಸಿಯೇ ದಾಟುತ್ತಿದ್ದೆ. ಒಳಗೊಳಗೆ ಹೊಟ್ಟೆಕಿಚ್ಚೂ ಇತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ.

ನಾನೂ ಗಂಡನೂ ಇಪ್ಪತ್ತೆಂಟು ವರ್ಷ ಒಂದೇ ಲೋಕಲ್‌ನಲ್ಲಿ ಕೆಲಸಕ್ಕೆ ಹೋದವರು. ಆದರೆ ನಾನು ಲೇಡೀಸ್ ಡಬ್ಬಿ, ಇವರು ಜನರಲ್. ನಾನು ಠಾಣೆಯಲ್ಲೇ ಇಳಿದು ಆಫೀಸಿಗೆ ಹೋಗುತ್ತಿದ್ದೆ, ಇವರು ಅಲ್ಲಿಂದ ಮುಂದೆ ಸಾನಪಾಡಾದ ಕಾರ್ಖಾನೆಗೆ. ಬೆಳಿಗ್ಗೆ ಬ್ರಿಜ್ಜಿನ ಮೇಲೆ ಇವರು ಹತ್ತು ಹೆಜ್ಜೆ ಮುಂದೆ, ನಾನು ಹಿಂದೆ. ಒಂದು ದಿನವೂ ಅಕ್ಕಪಕ್ಕ ನಡೆದದ್ದಿಲ್ಲ. ಇವರು ವಿಜಯಪುರದ ಕಡೆಯವರು, ನಾನು ಕುಂದಾಪುರದ ಕಡೆಯವಳು. ನಮ್ಮ ಮದುವೆಗೆ ಎರಡೂ ಮನೆಯವರನ್ನು ಎದುರು ಹಾಕಿಕೊಂಡ ಮನುಷ್ಯ, ಜನರೆದುರು ನನ್ನ ಕೈ ಹಿಡಿಯಲು ಮಾತ್ರ ನಾಚುತ್ತಿದ್ದರು.

ಇಬ್ಬರೂ ನಿವೃತ್ತರಾದ ಮೇಲೆ, ಕಳೆದ ವರ್ಷದಿಂದ, ಒಂದು ಬದಲಾವಣೆ ಕಂಡಿತು. ಸಂಜೆ ತರಕಾರಿಗೆಂದು ಬ್ರಿಜ್ ದಾಟುವಾಗ ಇವರು ನನ್ನನ್ನು ಮುಂದೆ ಬಿಟ್ಟು ಹಿಂದೆ ಬರತೊಡಗಿದರು. ಹೊರಡುವ ಮುಂಚೆ, "ಏ, ಆ ಕೆಂಪ ವೇಲ್ ಹಾಕ್ಕೊ. ಚಂದ ಕಾಣ್ತೈತಿ ನಿನಗ," ಎನ್ನುತ್ತಿದ್ದರು. ಅರವತ್ತಕ್ಕೆ ಅರಳು ಮರಳು ಎಂದು ನಗುತ್ತಿದ್ದೆ, ಆದರೆ ದಿನಾ ಅದನ್ನೇ ಹಾಕುತ್ತಿದ್ದೆ. ಹೊಗಳಿಕೆ ಯಾರಿಗೆ ಬೇಡ?

ಟೋಕಿಯೋದ ಶಿಬುಯಾ ಕ್ರಾಸಿಂಗನ್ನು ನಾನು ಮೊದಲು ನೋಡಿದ್ದು ಮೊಬೈಲಿನಲ್ಲಿ. ಸಿಗ್ನಲ್ ಬಿದ್ದೊಡನೆ ಎಲ್ಲ ದಿಕ್ಕಿನಿಂದಲೂ ಜನ ಒಟ್ಟಿಗೆ ರಸ್ತೆಗಿಳಿಯುತ್ತಾರೆ, ಒಬ್ಬರಿಗೊಬ್ಬರು ತಾಗದೆ ದಾಟುತ್ತಾರೆ. ಅಲ್ಲಿ ಹಿಂದಿನಿಂದ ಕೂಗುವವರಿಲ್ಲ. ಒಮ್ಮೆಯಾದರೂ ಅಲ್ಲಿ ಇವರ ಕೈ ಹಿಡಿದು ದಾಟಬೇಕು ಎಂಬ ಹುಚ್ಚು ಹಿಡಿಯಿತು. ಠಾಣೆಯ ಒಂದು ಟೂರ್ ಗುಂಪಿನೊಂದಿಗೆ ಕೊನೆಗೂ ಹೋದೆವು.

ಶಿಬುಯಾಕ್ಕೆ ಹೋದ ಮಧ್ಯಾಹ್ನ ಗುಂಪಿನವರೆಲ್ಲ ಫೋಟೋಗೆ ನಿಂತಾಗ ನಾನು ಕೈ ಚಾಚಿದೆ. ಇವರು ಎರಡೂ ಕೈಗಳನ್ನು ಜಾಕೆಟ್ಟಿನ ಜೇಬಿಗೆ ತುರುಕಿದರು.

"ಮಂದಿ ಮುಂದ ಏನ್ ಇದು? ನೀ ನಡಿ, ನಾ ಹಿಂದ ಬರ್ತೀನಿ."

"ಇಲ್ಲಿ ನಿಮ್ಮನ್ನು ಯಾರು ನೋಡ್ತಾರೆ ಮಾರಾಯ್ರೆ?"

"ನೀ ನಡೀ ಅಂದ್ನೆಲ್ಲ."

ಇಷ್ಟು ದೂರ ಬಂದದ್ದೇ ದಂಡ ಎನ್ನಿಸಿತು. ಕೋಟಿನ ಮೇಲೆ ಕೆಂಪು ವೇಲನ್ನು ಬಿಗಿದು ಸುತ್ತಿಕೊಂಡು, ಸಿಗ್ನಲ್ ಬಿದ್ದದ್ದೇ ತಡ, ಹಿಂದೆ ನೋಡದೆ ದಾಟಿಬಿಟ್ಟೆ. ಆಚೆ ಬದಿಗೆ ಹೋಗಿ ತಿರುಗಿದರೆ ಇವರಿಲ್ಲ.

ಕೋಪ ಎಲ್ಲಿ ಹೋಯಿತೋ. ಭಾಷೆ ಗೊತ್ತಿಲ್ಲದ ಊರು. ಇವರ ಫೋನು ನನ್ನ ಚೀಲದಲ್ಲಿ. ಅಲ್ಲಿ ಹೆಚ್ಚಿನವರ ಬಟ್ಟೆ ಕಪ್ಪು, ಇಲ್ಲವೇ ಬೂದು. ಆ ನಡುವೆ, ನಾನು ನಿಂತ ಮೂಲೆಯದೇ ಇನ್ನೊಂದು ಬದಿಯಲ್ಲಿ, ಕೆಂಪು ಕೋಟಿನ ಹೆಂಗಸೊಬ್ಬಳು ಮುಂದಿನ ಸಿಗ್ನಲ್ಲಿಗೆ ಕಾಯುತ್ತಿದ್ದಳು. ಅವಳ ಬೆನ್ನಿಗೆ ಮಾರು ದೂರದಲ್ಲಿ ನನ್ನ ಗಂಡ.

ಅಲ್ಲಿ ತಲುಪಿದಾಗ ಇವರು ಆಕೆಯ ಬೆನ್ನಿಗೆ ಕನ್ನಡದಲ್ಲಿ ಹೇಳುತ್ತಿದ್ದರು: "ಸಿಟ್ಟ ಇಳೀತೇನು? ಇನ್ನ ಎಷ್ಟೊತ್ತ ನಿಂದ್ರೂದು?" ಆಕೆ ತಿರುಗಿ, ಏನೂ ತಿಳಿಯದೆ, ತಲೆ ಬಾಗಿಸಿದಳು. ಇವರ ಮುಖ ಬಿಳಿಚಿಕೊಂಡಿತು. ನನಗೆ ನಗು ಬಂತು. ಎಡಗಡೆ, ತೋಳು ತಾಗುವಷ್ಟು ಹತ್ತಿರ ಹೋಗಿ ನಿಂತೆ. ಇವರು ನೋಡಲಿಲ್ಲ. ಮುಖದ ಪಕ್ಕದಲ್ಲೇ ಕೈ ಆಡಿಸಿದೆ. ಆಗಲೂ ನೋಡಲಿಲ್ಲ. ಎದುರಿಗಷ್ಟೇ ಕಣ್ಣು ನೆಟ್ಟು ಗಾಬರಿಯಿಂದ ಹುಡುಕುತ್ತಿದ್ದರು. ನನ್ನ ನಗು ಅಲ್ಲೇ ನಿಂತಿತು.

"ನಾನು ಇಲ್ಲೇ ಇದ್ದೇನೆ," ಎಂದೆ.

ಬೆಚ್ಚಿಬಿದ್ದು ತಿರುಗಿದರು. ಆಮೇಲೆ ತಲೆ ತಗ್ಗಿಸಿ ಹೇಳಿದರು: "ಬಾಜೂಕಿಂದು ಕಾಣೂದಿಲ್ಲ ನನಗ. ವರ್ಷ ಆತು. ಎದರಿಗಿಂದಷ್ಟ ಕಾಣ್ತೈತಿ. ಬ್ರಿಜ್ ಮ್ಯಾಲೆ ನಿನ್ನ ಕೆಂಪ ವೇಲ್ ನೋಡ್ಕೋತ ಬರ್ತಿದ್ದೆ."

"ಡಾಕ್ಟರಿಗೆ ತೋರಿಸಿದ್ರಾ?"

"ತೋರಿಸಿದ್ರ ಟೂರ್ ಬ್ಯಾಡ ಅಂತಿದ್ದಿ. ನಿನಗ ಇದನ್ನ ನೋಡೂದಿತ್ತಲ್ಲ."

ಕೆನ್ನೆಗೆ ಎರಡು ಬಾರಿಸಬೇಕು ಎನ್ನಿಸಿತು. ಅಳುವೂ ಬಂತು. ಚಂದ ಕಾಣುತ್ತೇನೆಂದು ನಾನು ಬೀಗಿದ್ದ ಸಂಜೆಗಳಲ್ಲೆಲ್ಲ ಈ ಮನುಷ್ಯ ಒಬ್ಬನೇ ಎಷ್ಟು ಹೆದರಿರಬೇಕು! ಒಂದು ವರ್ಷ ಜೊತೆಗೇ ಇದ್ದು ನನಗೂ ಕಾಣಲಿಲ್ಲವಲ್ಲ.

ಮತ್ತೆ ಸಿಗ್ನಲ್ ಬಿತ್ತು. ಇವರು ಜೇಬಿನಿಂದ ಕೈ ತೆಗೆದು, ನಾನೆಲ್ಲಿದ್ದೇನೆಂದು ಅಂದಾಜು ಮಾಡಿ, ಚಾಚಿದರು. ಗಟ್ಟಿಯಾಗಿ ಹಿಡಿದೆ. ಆ ದೊಡ್ಡ ರಸ್ತೆಯನ್ನು ಓರೆಯಾಗಿ, ಉದ್ದಕ್ಕೂ, ಅಕ್ಕಪಕ್ಕ ದಾಟಿದೆವು. ಬಯಸಿದ್ದು ಸಿಕ್ಕಿತು, ಆದರೆ ಹೀಗೆ ಸಿಗುವುದು ನನಗೆ ಬೇಡವಾಗಿತ್ತು.

ಊರಿಗೆ ಬಂದ ಮರುದಿನವೇ ಠಾಣೆಯ ಕಣ್ಣಿನ ಡಾಕ್ಟರಲ್ಲಿಗೆ ಎಳೆದುಕೊಂಡು ಹೋದೆ. ಕಣ್ಣಿನ ಒತ್ತಡ ಹೆಚ್ಚಿ ಹೀಗಾಗಿದೆ, ಹೋದದ್ದು ಮರಳುವುದಿಲ್ಲ, ಔಷಧಿ ಬಿಡದೆ ಹಾಕಿದರೆ ಇದ್ದದ್ದನ್ನು ಉಳಿಸಿಕೊಳ್ಳಬಹುದು ಎಂದರು. ಈಗ ಹನಿ ಹಾಕುವುದು ನನ್ನ ಕೆಲಸ. ಗೊಣಗುವುದು ಇವರದು.

ಮೊನ್ನೆ ಸಂಜೆ ಬ್ರಿಜ್ಜಿನ ಮೇಲೆ ಕೈ ಹಿಡಿದು ಹೋಗುತ್ತಿದ್ದೆವು. ಹಿಂದಿನಿಂದ ಯಾರೋ ಹುಡುಗಿ, "ಕಾಕೀ, ಏಕ್ ಸೈಡ್ ಚಲೋ ನಾ!" ಎಂದು ಕೂಗಿದಳು. ನನ್ನದೇ ದನಿ, ನನ್ನದೇ ಸಿಟ್ಟು. ಇವರು ನಾಚಿ ಕೈ ಬಿಡಿಸಿಕೊಳ್ಳಲು ನೋಡಿದರು. ನಾನು ಬಿಡದೆ, ಇವರನ್ನು ಇನ್ನಷ್ಟು ಹತ್ತಿರ ಎಳೆದು ಆಕೆಗೆ ದಾರಿ ಮಾಡಿಕೊಟ್ಟೆ.

ಆಗಲೇ ನನ್ನ ವೇಲು ಇವರ ಕಣ್ಣಿಗೆ ಬಿದ್ದದ್ದು. "ಏ, ಇವತ್ತ ಬೂದಿ ಬಣ್ಣದ್ದು ಹಾಕ್ಕೊಂಡ ಬಂದೀಯಲ್ಲ! ಕೆಂಪಂದ ಎಲ್ಲಿ?"

"ಕೈ ಉಂಟಲ್ಲ ಮಾರಾಯ್ರೆ," ಎಂದೆ, "ಇನ್ನು ಬಣ್ಣ ಎಂತಕ್ಕೆ?"